ಲೈನಿಂಗ್ ಎಷ್ಟಿರಬೇಕು? ಗರ್ಭಕೋಶದ ಒಳಪದರ ಮತ್ತು ಐವಿಎಫ್: ಪದೇ ಪದೇ ಕೇಳುವ ಪ್ರಶ್ನೆಗಳು

"ಲೈನಿಂಗ್ ಇನ್ನೂ 6.4 ಅಂತೆ." ಐವಿಎಫ್, ಅಂದರೆ ಮೈಯ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ, ಮಾಡಿಸುವವರ ಮನೆಯಲ್ಲಿ ಸ್ಕ್ಯಾನ್ ಆದ ದಿನ ಸಂಜೆ ಇದೇ ಮಾತು. ಗಂಡ, ಅಮ್ಮ, ಊರಲ್ಲಿರುವ ಅಕ್ಕ, ಎಲ್ಲರಿಗೂ ಆ ಒಂದು ಅಂಕಿ, ಅಂದರೆ ಪದರ ಎಷ್ಟು ಮಿಲಿಮೀಟರ್ ದಪ್ಪ ಅನ್ನುವುದು, ಗೊತ್ತಿರುತ್ತದೆ. ಅದು ಯಾಕೆ 6.4ಕ್ಕೆ ನಿಂತಿತು ಅಂತ ಮಾತ್ರ ಯಾರೂ ಕೇಳಿರುವುದಿಲ್ಲ. ಈ ಪುಟದಲ್ಲಿ ಅಂಕಿಗಿಂತ ಆ "ಯಾಕೆ" ಬಗ್ಗೆ ಜಾಸ್ತಿ ಬರೆದಿದ್ದೇನೆ. ನಿಮ್ಮ ಫೈಲ್ ನೋಡಿದ ಡಾಕ್ಟರ್ ಮಾತೇ ಅಂತಿಮ. ಅವರ ಎದುರು ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ ಅನ್ನುವುದಕ್ಕೆ ಇದು.

ಲೈನಿಂಗ್ ಅಂದರೆ ನಿಜವಾಗಿ ಏನು?

ಗರ್ಭಕೋಶದ ಒಳಗೋಡೆಯ ಮೇಲಿರುವ ಮೆತ್ತನೆಯ ಪದರ. ರಿಪೋರ್ಟಿನಲ್ಲಿ ಎಂಡೋಮೆಟ್ರಿಯಂ ಅಂತ ಬರೆದಿರುತ್ತಾರೆ. ಅದರಲ್ಲಿ ಎರಡು ಭಾಗ. ಮೇಲಿನ ಭಾಗ ಪ್ರತಿ ತಿಂಗಳು ಬೆಳೆಯುತ್ತದೆ, ಗರ್ಭ ನಿಲ್ಲದಿದ್ದರೆ ಮುಟ್ಟಿನ ಜೊತೆ ಹೋಗುತ್ತದೆ. ಅಡಿಯಲ್ಲಿರುವ ಬೇಸಲ್ ಪದರ ಹೋಗುವುದಿಲ್ಲ. ಮುಂದಿನ ತಿಂಗಳ ಪದರ ಹುಟ್ಟುವುದು ಅದರಿಂದಲೇ. ಈ ಬೇಸಲ್ ಪದರಕ್ಕೆ ಪೆಟ್ಟು ಬಿದ್ದರೆ ಎಷ್ಟು ಮಾತ್ರೆ ನುಂಗಿದರೂ ಮೇಲಿನದು ಸರಿಯಾಗಿ ಬೆಳೆಯುವುದಿಲ್ಲ. ಇದೊಂದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮುಟ್ಟು ನಿಂತ ಮೇಲೆ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಪದರವನ್ನು ದಪ್ಪ ಮಾಡುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಬರುತ್ತದೆ. ಅದು ಪದರವನ್ನು ಇನ್ನಷ್ಟು ದಪ್ಪ ಮಾಡುವುದಿಲ್ಲ, ಭ್ರೂಣ ಅಂಟಿಕೊಳ್ಳಲು ತಯಾರು ಮಾಡುತ್ತದೆ. ದಪ್ಪ ಆಗುವುದು ಒಂದು ಕೆಲಸ, ತಯಾರಾಗುವುದು ಇನ್ನೊಂದು. ಸ್ಕ್ಯಾನ್‌ನಲ್ಲಿ ಕಾಣುವುದು ಮೊದಲನೆಯದು ಮಾತ್ರ.

ಸ್ಕ್ಯಾನ್‌ನಲ್ಲಿ ಅದನ್ನು ಹೇಗೆ ಅಳೆಯುತ್ತಾರೆ?

ಮೊದಲು ಮೂತ್ರ ಮಾಡಿ ಬರಲು ಹೇಳುತ್ತಾರೆ. ಹೊಟ್ಟೆ ಸ್ಕ್ಯಾನ್‌ಗೆ ನೀರು ಕುಡಿದು ಕೂರಬೇಕು, ಇದಕ್ಕೆ ಉಲ್ಟಾ. ಕವರ್ ಹಾಕಿ ಜೆಲ್ ಸವರಿದ ಪ್ರೋಬ್ ಅನ್ನು ಯೋನಿಯ ಮೂಲಕ ಇಡುತ್ತಾರೆ. ಪರದೆಯಲ್ಲಿ ಗರ್ಭಕೋಶ ಉದ್ದಕ್ಕೆ ಕಾಣುವ ಹಾಗೆ ಪ್ರೋಬ್ ತಿರುಗಿಸಿ, ಚಿತ್ರವನ್ನು ನಿಲ್ಲಿಸುತ್ತಾರೆ. ಆಮೇಲೆ ಪದರ ಅತಿ ದಪ್ಪ ಇರುವ ಕಡೆ ಈ ಅಂಚಿಗೊಂದು, ಆ ಅಂಚಿಗೊಂದು ಕೂಡಿಸುವ ಚಿಹ್ನೆ ಇಡುತ್ತಾರೆ. ನಡುವಿನ ದೂರವನ್ನು ಯಂತ್ರವೇ ಹೇಳುತ್ತದೆ. ಅಂದರೆ ಮುಂದಿನ ಗೋಡೆ, ಹಿಂದಿನ ಗೋಡೆ ಎರಡರ ಪದರವೂ ಸೇರಿದ ಅಳತೆ ಅದು. ಮಧ್ಯೆ ನೀರು ನಿಂತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಚಿಹ್ನೆ ಇಡುವುದು ಮನುಷ್ಯರ ಕೈ. ಬೆಳಗ್ಗೆ ಒಬ್ಬರು 6.8 ಅಂದದ್ದನ್ನು ಸಂಜೆ ಇನ್ನೊಬ್ಬರು 7.3 ಅನ್ನಬಹುದು. ಆಗ ಲೈನಿಂಗ್ ಬೆಳೆದಿದೆ ಅಂತ ಕುಣಿಯುವುದೂ ಬೇಡ, ಕುಗ್ಗಿದೆ ಅಂತ ಅಳುವುದೂ ಬೇಡ. ಸಾಧ್ಯವಾದರೆ ಒಂದು ಸೈಕಲ್‌ನ ಸ್ಕ್ಯಾನ್‌ಗಳನ್ನೆಲ್ಲ ಒಂದೇ ಕಡೆ ಮಾಡಿಸಿ.

ಅಂಕಿಯ ಪಕ್ಕ "ಟ್ರೈಲ್ಯಾಮಿನಾರ್" ಅಥವಾ "ಟ್ರಿಪಲ್ ಲೈನ್" ಅಂತ ಬರೆದಿದ್ದರೆ ಒಳ್ಳೆಯದೇ. ಮೂರು ಬಿಳಿ ಗೆರೆ, ನಡುವೆ ಕಪ್ಪು ಪಟ್ಟಿ ಕಾಣುತ್ತಿದೆ ಎಂದರ್ಥ. ಪ್ರೊಜೆಸ್ಟರಾನ್ ಶುರುವಾಗುವ ಮೊದಲು ಹೀಗೇ ಇರಬೇಕು. ಶುರುವಾದ ಮೇಲೆ ಗೆರೆಗಳು ಅಳಿಸಿ ಇಡೀ ಪದರ ಬೆಳ್ಳಗೆ ಕಾಣುತ್ತದೆ. ಇನ್ನೊಂದು ಚಿಕ್ಕ ವಿಷಯ: ರಿಪೋರ್ಟಿನಲ್ಲಿ "ಇಟಿ" ಅಂತಿದ್ದರೆ ಅದು ಪದರದ ದಪ್ಪ. ಐವಿಎಫ್ ಫೈಲಿನಲ್ಲಿ ಅದೇ "ಇಟಿ" ಎಂಬ್ರಿಯೋ ಟ್ರಾನ್ಸ್‌ಫರ್ (ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವುದು) ಕೂಡ ಆಗಬಹುದು. ಓದುವಾಗ ನೋಡಿಕೊಳ್ಳಿ.

7 ಎಂಎಂ ಆಗದಿದ್ದರೆ ಟ್ರಾನ್ಸ್‌ಫರ್ ಮಾಡಲೇಬಾರದಾ?

ಹಾಗೇನಿಲ್ಲ. 7 ಎಂಎಂ ಅನ್ನುವುದು ದಾಟಿದರೆ ಪಾಸು, ದಾಟದಿದ್ದರೆ ಫೇಲು ಅನ್ನುವ ಗೆರೆ ಅಲ್ಲ.

2014ರಲ್ಲಿ ಹಲವು ಅಧ್ಯಯನಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದ್ದರು. 7 ಎಂಎಂ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ ಸುಮಾರು 23 ಮಂದಿಗೆ ಗರ್ಭ ನಿಂತಿತ್ತು, ಅದಕ್ಕಿಂತ ಜಾಸ್ತಿ ಇದ್ದವರಲ್ಲಿ ಸುಮಾರು 48 ಮಂದಿಗೆ. ವ್ಯತ್ಯಾಸ ದೊಡ್ಡದೇ, ಇಲ್ಲ ಅನ್ನುವ ಹಾಗಿಲ್ಲ. ಆದರೆ 23 ಅಂದರೆ ಸೊನ್ನೆ ಅಲ್ಲವಲ್ಲ? ಮೇಲಾಗಿ ತೆಳು ಲೈನಿಂಗ್ ಇದ್ದವರಲ್ಲಿ ಎಷ್ಟೋ ಮಂದಿಗೆ ವಯಸ್ಸು ಜಾಸ್ತಿ, ಅಂಡ ಕಡಿಮೆ. ಸೋಲಿಗೆ ಅದರದ್ದೂ ಪಾಲಿದೆ. ಅದೇ ವಿಶ್ಲೇಷಣೆ ಬರೆದವರು, ದಪ್ಪ ಒಂದನ್ನೇ ನೋಡಿ ಯಾರಿಗೆ ಗರ್ಭ ನಿಲ್ಲುತ್ತದೆ ಅಂತ ಹೇಳಲಾಗದು ಎಂದೂ ಬರೆದಿದ್ದಾರೆ.

ಕೆನಡಾದ ದೊಡ್ಡ ದಾಖಲೆಯೊಂದರಲ್ಲಿ ಫ್ರೆಶ್ ಟ್ರಾನ್ಸ್‌ಫರ್‌ಗೆ (ಅಂಡ ತೆಗೆದ ತಿಂಗಳಲ್ಲೇ ಭ್ರೂಣ ಹಾಕುವುದು) 8, ಫ್ರೋಜನ್‌ಗೆ (ಫ್ರೀಜ್ ಮಾಡಿಟ್ಟು ಆಮೇಲೆ ಹಾಕುವುದು) 7 ಎಂಎಂ ಕೆಳಗೆ ಹೋದಂತೆ ಪ್ರತಿ ಮಿಲಿಮೀಟರ್‌ಗೂ ಫಲಿತಾಂಶ ಇಳಿಯುವುದು ಕಂಡಿತು. ಇಳಿಯಿತು ಅಷ್ಟೇ, ನಿಂತುಹೋಗಲಿಲ್ಲ. ಹಾಗಾಗಿ "ನಿಮ್ಮದು 6.5, ನಿಮಗೆ ಆಗುವುದೇ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿ ತಿಂಗಳೂ ನಿಮಗೆ ಇಷ್ಟೇ ಬೆಳೆಯುತ್ತದಾ, ಅಥವಾ ಈ ಸಲ ಮಾತ್ರವಾ ಅನ್ನುವುದು ಅಂಕಿಗಿಂತ ಮುಖ್ಯ.

ತುಂಬಾ ದಪ್ಪ ಇದ್ದರೆ ಒಳ್ಳೆಯದಲ್ಲವಾ?

12 ಆದರೂ 14 ಆದರೂ ಟ್ರಾನ್ಸ್‌ಫರ್‌ಗೆ ಅಂಥ ತೊಂದರೆ ಇಲ್ಲ, ವಿಶೇಷ ಲಾಭವೂ ಇಲ್ಲ. ಮುಟ್ಟು ಮುಗಿದ ತಕ್ಷಣ ಮಾಡಿದ ಸ್ಕ್ಯಾನ್‌ನಲ್ಲೇ ದಪ್ಪ ಕಂಡರೆ ಮಾತ್ರ ನೋಡಬೇಕು. ಪಾಲಿಪ್, ಅಂದರೆ ಪದರದಲ್ಲಿ ಬೆಳೆದ ಸಣ್ಣ ಗಂಟು, ಇರಬಹುದು. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದ್ದು ಮೂರು ತಿಂಗಳು, ಆರು ತಿಂಗಳು ಮುಟ್ಟಾಗದವರಲ್ಲಿ ಪದರ ಉದುರದೆ ಬೆಳೆಯುತ್ತಲೇ ಹೋಗಿ ಹೈಪರ್‌ಪ್ಲೇಸಿಯಾ ಆಗಿರಬಹುದು. ಅದನ್ನು ಬಯಾಪ್ಸಿ ಮಾಡಿಯೇ ತಿಳಿಯಬೇಕು. ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಐವಿಎಫ್.

ಲೈನಿಂಗ್ 9 ಇತ್ತು, ಭ್ರೂಣಕ್ಕೂ ಎ ಗ್ರೇಡ್ ಕೊಟ್ಟಿದ್ದರು. ಆದರೂ ನಿಲ್ಲಲಿಲ್ಲ. ನನ್ನ ಗರ್ಭಕೋಶದಲ್ಲೇ ದೋಷ ಇದೆಯಾ?

ಇಂಥ ಮಾತು ಮನೆಯಲ್ಲೂ ಕೇಳಿಬರುತ್ತದೆ. ಬೀಜ ಚೆನ್ನಾಗಿದ್ದರೂ ಹೊಲ ಸರಿ ಇಲ್ಲ ಅಂತ ಯಾರೋ ಹಿರಿಯರು ಸುಮ್ನೆ ಅಂದುಬಿಡುತ್ತಾರೆ. ಆ ಹೋಲಿಕೆಯೇ ತಪ್ಪು. ಭ್ರೂಣ ನಿಲ್ಲದಿರಲು ಅತಿ ಸಾಮಾನ್ಯ ಕಾರಣ ಭ್ರೂಣದಲ್ಲೇ ಇರುತ್ತದೆ. ಕ್ರೋಮೋಸೋಮ್ ಲೆಕ್ಕ ತಪ್ಪಿದ ಭ್ರೂಣವೂ ಮೈಕ್ರೋಸ್ಕೋಪ್ ಕೆಳಗೆ ಚೆಂದವಾಗಿಯೇ ಕಾಣಬಹುದು. ಗ್ರೇಡ್ ಕೊಡುವುದು ಆಕಾರ ನೋಡಿ, ಒಳಗಿನ ಕ್ರೋಮೋಸೋಮ್ ನೋಡಿ ಅಲ್ಲ. ಹೆಣ್ಣಿಗೆ 35 ದಾಟಿದ ಮೇಲೆ ಇಂಥ ಭ್ರೂಣಗಳು ಹೆಚ್ಚುತ್ತವೆ, 40 ದಾಟಿದ ಮೇಲೆ ಇನ್ನೂ ಜಾಸ್ತಿ.

ಗರ್ಭಕೋಶ ಅಂಡದಷ್ಟು ಬೇಗ ಮುದಿಯಾಗುವುದಿಲ್ಲ ಅನ್ನುವುದಕ್ಕೆ ದಾನಿ ಅಂಡದ ಐವಿಎಫ್ ನೋಡಿದರೆ ಸಾಕು. ಚಿಕ್ಕ ವಯಸ್ಸಿನ ದಾನಿಯ ಅಂಡ ಬಳಸಿದಾಗ 42ರ ಹೆಂಗಸಿಗೂ 32ರವರಿಗೆ ಹತ್ತಿರ ಹತ್ತಿರ ಅದೇ ಫಲಿತಾಂಶ ಬರುತ್ತದೆ. ಒಂದು ಟ್ರಾನ್ಸ್‌ಫರ್ ಸೋತ ಕೂಡಲೇ ಗರ್ಭಕೋಶದ ಮೇಲೆ ಹತ್ತು ಟೆಸ್ಟ್ ಮಾಡಿಸುವ ಅಗತ್ಯ ಬಹಳ ಜನರಿಗಿಲ್ಲ. ಒಳ್ಳೆಯ ಭ್ರೂಣ ಹಾಕಿಯೂ ಮತ್ತೆ ಮತ್ತೆ ಸೋತರೆ ಆಗ ಹುಡುಕಬೇಕು.

ಪ್ರೊಜೆಸ್ಟರಾನ್ ಇಂಜೆಕ್ಷನ್ ಟೈಮ್ ಸ್ವಲ್ಪವೂ ತಪ್ಪಬಾರದು ಅನ್ನುತ್ತಾರೆ. ಅಷ್ಟು ಯಾಕೆ?

ಭ್ರೂಣವನ್ನು ಅಂಟಿಸಿಕೊಳ್ಳಲು ಪದರ ತಿಂಗಳಲ್ಲಿ ಕೆಲವೇ ದಿನ ಸಿದ್ಧವಿರುತ್ತದೆ. ತಾನಾಗಿ ನಿಂತ ಗರ್ಭಗಳಲ್ಲಿ ಹೆಚ್ಚಿನವು ಅಂಡ ಬಿಡುಗಡೆಯಾದ 8ರಿಂದ 10ನೇ ದಿನದೊಳಗೆ ಅಂಟಿಕೊಳ್ಳುತ್ತವೆ. ತೀರಾ ತಡವಾಗಿ ಅಂಟಿದವು ಬೇಗ ಕಳಚಿಕೊಳ್ಳುವ ಸಂಭವ ಜಾಸ್ತಿ. ಈ ಗಡಿಯಾರ ಓಡಲು ಶುರುವಾಗುವುದು ಪ್ರೊಜೆಸ್ಟರಾನ್ ಬಂದ ಗಳಿಗೆಯಿಂದ. ಫ್ರೋಜನ್ ಟ್ರಾನ್ಸ್‌ಫರ್‌ನಲ್ಲಿ ಅದನ್ನು ಶುರು ಮಾಡುವುದು ನೀವು, ಮೊದಲ ಡೋಸ್ ತೆಗೆದುಕೊಂಡಾಗ. ಐದು ದಿನ ಬೆಳೆದ ಬ್ಲಾಸ್ಟೊಸಿಸ್ಟ್ ಭ್ರೂಣವಾದರೆ, ಸಾಮಾನ್ಯವಾಗಿ ಐದು ದಿನ ಪೂರ್ತಿ ಪ್ರೊಜೆಸ್ಟರಾನ್ ಆದ ಮೇಲೆ ಟ್ರಾನ್ಸ್‌ಫರ್. ಮೊದಲ ಡೋಸ್ ಒಂದು ದಿನ ಹಿಂದೆ ಮುಂದೆ ಆದರೆ ಭ್ರೂಣದ ವಯಸ್ಸೂ ಪದರದ ವಯಸ್ಸೂ ಹೊಂದುವುದಿಲ್ಲ.

ಒಂದು ಗಂಟೆ ತಡವಾಯಿತು ಅಂತ ಗಾಬರಿ ಬೇಡ. ಒಂದು ಡೋಸ್ ಪೂರ್ತಿ ಬಿಟ್ಟುಹೋದರೆ ಮುಚ್ಚಿಡದೆ ಕೂಡಲೇ ಫೋನ್ ಮಾಡಿ. ನರ್ಸ್ ಬೈಯುತ್ತಾರೆ ಅಂತ ಹೇಳದೆ ಇರುವವರು ತುಂಬಾ ಮಂದಿ.

ಅಂಡ ತೆಗೆದ ತಿಂಗಳಲ್ಲೇ ಭ್ರೂಣ ಹಾಕದೆ ಫ್ರೀಜ್ ಮಾಡೋಣ ಅಂದರು. ಸುಮ್ನೆ ದುಡ್ಡು ಜಾಸ್ತಿ ಮಾಡಲಿಕ್ಕಾ?

ಎಲ್ಲರಿಗೂ ಬೇಕಿಲ್ಲ, ಆದರೆ ಕಾರಣವಿಲ್ಲದ ಮಾತೂ ಅಲ್ಲ. ಅಂಡ ಬೆಳೆಸಲು ಕೊಡುವ ಇಂಜೆಕ್ಷನ್‌ಗಳಿಂದ ಮೈಯಲ್ಲಿ ಈಸ್ಟ್ರೋಜನ್ ಮಾಮೂಲಿಗಿಂತ ಹಲವು ಪಟ್ಟು ಏರುತ್ತದೆ. ಕೆಲವರಲ್ಲಿ ಪ್ರೊಜೆಸ್ಟರಾನ್ ಕೂಡ ಬೇಗ ಏರಲು ಶುರುವಾಗುತ್ತದೆ. ಅಂಡ ಪಕ್ವವಾಗಲು ಕೊನೆಗೆ ಕೊಡುವ ಟ್ರಿಗರ್ ಇಂಜೆಕ್ಷನ್ ದಿನದ ರಕ್ತ ಪರೀಕ್ಷೆಯಲ್ಲಿ ಪ್ರೊಜೆಸ್ಟರಾನ್ 1.5 (ng/ml) ದಾಟಿದ್ದರೆ ಪದರ ಭ್ರೂಣಕ್ಕಿಂತ ಮುಂದೆ ಓಡಿದೆ ಅಂತ ಹಲವು ಡಾಕ್ಟರುಗಳು ಆ ಸಲ ಟ್ರಾನ್ಸ್‌ಫರ್ ಮುಂದಕ್ಕೆ ಹಾಕುತ್ತಾರೆ.

ಹೀಗೆ ಭ್ರೂಣ ಫ್ರೀಜ್ ಮಾಡಿಟ್ಟು ಆಮೇಲೆ ಹಾಕುವುದನ್ನು ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಒಬ್ಬರು ಮಾಡಿ ತೋರಿಸಿದ್ದರು. ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ದುರ್ಗಾ ಹುಟ್ಟಿದಳು. ಇಂಗ್ಲೆಂಡಿನವರು ತಾನಾಗಿ ಬೆಳೆದ ಒಂದೇ ಅಂಡ ಬಳಸಿದ್ದರು. ಮುಖರ್ಜಿ ಹಾರ್ಮೋನ್ ಕೊಟ್ಟು ಅಂಡ ಬೆಳೆಸಿ, ಭ್ರೂಣವನ್ನು 53 ದಿನ ಫ್ರೀಜ್ ಮಾಡಿಟ್ಟು, ಮುಂದೆ ಹಾರ್ಮೋನ್ ಇಲ್ಲದ ಸಹಜ ಸೈಕಲ್‌ನಲ್ಲಿ ಹಾಕಿದರು. ಇವತ್ತು ಜಗತ್ತಿನಾದ್ಯಂತ ನಡೆಯುತ್ತಿರುವುದು ಹೆಚ್ಚುಕಮ್ಮಿ ಅದೇ ದಾರಿ. ಆಗ ಸರ್ಕಾರದ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ತೀರಿಕೊಂಡರು. ಅವರ ಟಿಪ್ಪಣಿಗಳನ್ನು ಓದಿ, ಮೊದಲ ಶ್ರೇಯ ಅವರಿಗೇ ಸಲ್ಲಬೇಕು ಅಂತ 1997ರಲ್ಲಿ ಬರೆದವರು ಟಿ.ಸಿ. ಆನಂದ್ ಕುಮಾರ್. ಆ ಬರಹ ಬಂದದ್ದು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. 1986ರಲ್ಲಿ ಮುಂಬೈಯಲ್ಲಿ ಇಂದಿರಾ ಹಿಂದೂಜಾ ಅವರ ಜೊತೆ ಸೇರಿ ಐವಿಎಫ್ ಮಗು ಪಡೆದು, ದೇಶದ ಮೊದಲಿಗ ಅಂತ ಹೆಸರಾಗಿದ್ದವರು ಇದೇ ಆನಂದ್ ಕುಮಾರ್. ತನ್ನ ಕಿರೀಟ ತಾನೇ ತೆಗೆದು ಇನ್ನೊಬ್ಬರಿಗೆ ಇಡುವವರು ಎಷ್ಟು ಜನ ಸಿಗುತ್ತಾರೆ ಹೇಳಿ?

ಸರಿ, ವಿಷಯಕ್ಕೆ ಬರೋಣ. ಪಿಸಿಓಎಸ್ ಇರುವ 1,508 ಹೆಂಗಸರ ಮೇಲೆ ಚೀನಾದಲ್ಲಿ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಫ್ರೋಜನ್‌ನಲ್ಲಿ ಶೇ. 49.3, ಫ್ರೆಶ್‌ನಲ್ಲಿ ಶೇ. 42 ಮಂದಿಗೆ ಮಗುವಾಯಿತು. ಪಿಸಿಓಎಸ್ ಇಲ್ಲದವರ ಮೇಲೆ ಆಮೇಲೆ ನಡೆದ ಅಧ್ಯಯನಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ "ನನಗೆ ಯಾಕೆ ಫ್ರೀಜ್?" ಅಂತ ಕೇಳಿ. ಉತ್ತರದಲ್ಲಿ ನಿಮ್ಮ ಹಾರ್ಮೋನ್ ಅಂಕಿಯೋ, ಪಿಸಿಓಎಸ್ಸೋ, ಲೈನಿಂಗೋ ಬರಬೇಕು.

ನ್ಯಾಚುರಲ್ ಸೈಕಲ್, ಎಚ್‌ಆರ್‌ಟಿ ಸೈಕಲ್. ಯಾವುದು ಒಳ್ಳೆಯದು?

ಎರಡೂ ಫ್ರೋಜನ್ ಟ್ರಾನ್ಸ್‌ಫರ್‌ಗೆ ಪದರ ತಯಾರು ಮಾಡುವ ದಾರಿಗಳು. ಎಚ್‌ಆರ್‌ಟಿ ಅಂದರೆ ಹಾರ್ಮೋನನ್ನು ಹೊರಗಿನಿಂದ ಕೊಡುವುದು: ಮುಟ್ಟಿನ ಎರಡು ಮೂರನೇ ದಿನದಿಂದ ಈಸ್ಟ್ರೋಜನ್ ಮಾತ್ರೆ, ಲೈನಿಂಗ್ ಬಂದ ಮೇಲೆ ಪ್ರೊಜೆಸ್ಟರಾನ್. ದಿನಾಂಕ ನಮ್ಮ ಕೈಯಲ್ಲಿರುತ್ತದೆ, ರಜೆ ಹಾಕುವುದು ಸುಲಭ, ದೂರದ ಊರಿನಿಂದ ಬರುವವರಿಗೆ ಅನುಕೂಲ. ನ್ಯಾಚುರಲ್‌ನಲ್ಲಿ ನಿಮ್ಮದೇ ಅಂಡ ಬೆಳೆದು ಬಿಡುಗಡೆಯಾಗುವುದನ್ನು ಕಾದು ನೋಡುತ್ತಾರೆ. ಸ್ಕ್ಯಾನ್‌ಗೆ ಓಡಾಟ ಜಾಸ್ತಿ.

ಮುಟ್ಟು ಸರಿಯಾಗಿ ಆಗುವವರಿಗೆ ನ್ಯಾಚುರಲ್ ಕಡೆಗೇ ನನ್ನ ಒಲವು. ಅಂಡ ಬಿಡುಗಡೆಯಾದ ಜಾಗದಲ್ಲಿ ಉಳಿಯುವ ಕಾರ್ಪಸ್ ಲ್ಯೂಟಿಯಂ ಪ್ರೊಜೆಸ್ಟರಾನ್ ಅಷ್ಟೇ ಅಲ್ಲ, ಬಸುರಿಯ ರಕ್ತನಾಳಗಳಿಗೆ ಬೇಕಾದ ಬೇರೆ ವಸ್ತುಗಳನ್ನೂ ಕೊಡುತ್ತದೆ. ಎಚ್‌ಆರ್‌ಟಿಯಲ್ಲಿ ಅದು ಇರುವುದಿಲ್ಲ. ಅಂಥ ಗರ್ಭಗಳಲ್ಲಿ ಬಿಪಿ ಏರಿ ಪ್ರಿಎಕ್ಲಾಂಪ್ಸಿಯಾ (ತಾಯಿ, ಮಗು ಇಬ್ಬರಿಗೂ ಅಪಾಯ ತರಬಲ್ಲ ಬಸುರಿನ ತೊಂದರೆ) ಆಗುವ ಸಂಭವ ಜಾಸ್ತಿ ಎಂದು ಹಲವು ದೇಶಗಳ ದಾಖಲೆಗಳಲ್ಲಿ ಕಂಡಿದೆ. ಮುಟ್ಟೇ ಸರಿಯಾಗಿ ಆಗದವರಿಗೆ ಎಚ್‌ಆರ್‌ಟಿ ಬೇಕಾಗಬಹುದು, ಹೆದರಬೇಡಿ, ಬಿಪಿ ನೋಡಿಸಿಕೊಳ್ಳುತ್ತಿರಿ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ ಈಸ್ಟ್ರೋಜನ್ ಶುರು ಮಾಡುವ ಮೊದಲೇ ಹೇಳಿಬಿಡಿ.

ಲೈನಿಂಗ್ ತೆಳುವಾಗಲು ಕಾರಣವೇನು?

ಮೊದಲು ಕೇಳಬೇಕಾದ ಪ್ರಶ್ನೆ: ಹಿಂದೆ ಎಂದಾದರೂ ಡಿ ಅಂಡ್ ಸಿ ಆಗಿದೆಯಾ? ಗರ್ಭಪಾತ ಆದ ಮೇಲೆ, ಹೆರಿಗೆ ಆದ ಮೇಲೆ ಕಸ ಉಳಿದಿದೆ ಅಂತ ಕ್ಲೀನ್ ಮಾಡಿಸಿದ್ದರೆ ಬೇಸಲ್ ಪದರಕ್ಕೆ ಪೆಟ್ಟಾಗಿರಬಹುದು. ಗೋಡೆಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಇದನ್ನು 1948ರಲ್ಲಿ ವಿವರವಾಗಿ ಬರೆದ ಡಾಕ್ಟರ್ ಜೋಸೆಫ್ ಆಶರ್ಮನ್ ಹೆಸರಿನಿಂದಲೇ ಆಶರ್ಮನ್ ಸಿಂಡ್ರೋಮ್ ಎನ್ನುತ್ತಾರೆ. ಅದಾದ ಮೇಲೆ ಮುಟ್ಟು ಮೂರು ದಿನದಿಂದ ಒಂದು ದಿನಕ್ಕೆ ಇಳಿದಿದ್ದರೆ, ಅಥವಾ ಬರೀ ಕಲೆ ಕಾಣುತ್ತಿದ್ದರೆ, ಅದನ್ನು ನೀವೇ ಡಾಕ್ಟರಿಗೆ ಹೇಳಬೇಕು. ಮದುವೆಗೆ ಮುಂಚಿನ ಅಬಾರ್ಷನ್ ಬಗ್ಗೆ ಗಂಡನ ಎದುರು ಹೇಳಲು ಆಗದಿದ್ದರೆ ಡಾಕ್ಟರ್ ಹತ್ತಿರ ಒಬ್ಬರೇ ಮಾತಾಡಬೇಕು ಅನ್ನಿ. ಅದು ನಿಮ್ಮ ಹಕ್ಕು.

ಅಂಟನ್ನು ಹಿಸ್ಟರೋಸ್ಕೋಪಿಯಲ್ಲಿ, ಅಂದರೆ ಗರ್ಭಕೋಶದೊಳಗೆ ಕ್ಯಾಮೆರಾ ಬಿಟ್ಟು ನೋಡುತ್ತಾ, ಬಿಡಿಸುತ್ತಾರೆ. ತೆಳ್ಳನೆಯ ಅಂಟಾದರೆ ಫಲಿತಾಂಶ ಚೆನ್ನಾಗಿದೆ. ಗಟ್ಟಿಯಾದರೆ ಮತ್ತೆ ಅಂಟಿಕೊಳ್ಳುವ ಚಾಳಿ ಇದೆ.

ಇನ್ನು ಔಷಧಿ. ಅಂಡ ಬೆಳೆಸಲು ಕೊಡುವ ಕ್ಲೋಮಿಫೀನ್ ಕೆಲವರಲ್ಲಿ ಈಸ್ಟ್ರೋಜನ್‌ಗೆ ಅಡ್ಡ ಬಂದು ಲೈನಿಂಗ್ ತೆಳು ಮಾಡುತ್ತದೆ. ಲೆಟ್ರೊಜೋಲ್‌ನಲ್ಲಿ ಈ ಕಾಟ ಕಡಿಮೆ. ಪಿಸಿಓಎಸ್ ಇರುವವರ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ ಶೇ. 27.5, ಕ್ಲೋಮಿಫೀನ್‌ನಲ್ಲಿ ಶೇ. 19.1 ಮಂದಿಗೆ ಮಗುವಾಯಿತು. ಆಮೇಲಿನ ಕಾರಣ ಟಿಬಿ. ಅದಕ್ಕೆ ಬೇರೆಯೇ ಉತ್ತರ ಬೇಕು.

ನನಗೆ ಕೆಮ್ಮೇ ಇಲ್ಲ. ಗರ್ಭಕೋಶದಲ್ಲಿ ಟಿಬಿ ಹೇಗೆ ಬರುತ್ತದೆ?

ಎಂದೋ ಚಿಕ್ಕಂದಿನಲ್ಲಿ ಶ್ವಾಸಕೋಶಕ್ಕೆ ಹೊಕ್ಕ ಟಿಬಿ ರೋಗಾಣು ರಕ್ತದ ಮೂಲಕ ಗರ್ಭನಾಳಕ್ಕೆ (ಟ್ಯೂಬ್) ಹೋಗಿ ಅಲ್ಲೇ ಕೂತಿರುತ್ತದೆ. ಕೆಮ್ಮಿಲ್ಲ, ಜ್ವರವಿಲ್ಲ, ತೂಕ ಇಳಿದಿಲ್ಲ. ಮಕ್ಕಳಾಗಿಲ್ಲ ಅಂತ ತಪಾಸಣೆಗೆ ಹೋದಾಗಲೇ ಎಷ್ಟೋ ಜನಕ್ಕೆ ಗೊತ್ತಾಗುವುದು. ಟ್ಯೂಬ್‌ಗಳು ಮೊದಲು ಹಾಳಾಗುತ್ತವೆ, ಅಲ್ಲಿಂದ ಗರ್ಭಕೋಶದ ಪದರಕ್ಕೂ ಇಳಿಯುತ್ತದೆ. ನಮ್ಮ ದೇಶದಲ್ಲಿ ತೆಳು ಲೈನಿಂಗ್, ಕಡಿಮೆ ಮುಟ್ಟು ಕಂಡರೆ ಇದನ್ನು ಮರೆಯುವ ಹಾಗೇ ಇಲ್ಲ.

ಪರೀಕ್ಷೆಯೇ ತಲೆನೋವು. ಪದರದ ಚೂರು ತೆಗೆದು ಕಲ್ಚರ್, ಬಯಾಪ್ಸಿ, ಜೀನ್‌ಎಕ್ಸ್‌ಪರ್ಟ್ ಮಾಡುತ್ತಾರೆ. ರೋಗಾಣು ಕಡಿಮೆ ಇರುವುದರಿಂದ ಇದ್ದರೂ ಸಿಗದಿರಬಹುದು. ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಟೆಸ್ಟ್ ಇನ್ನೊಂದು ತುದಿ: ಈಗ ರೋಗ ಇಲ್ಲದವರಲ್ಲೂ ಪಾಸಿಟಿವ್ ತೋರಿಸಬಲ್ಲದು. ಬರೀ ಪಿಸಿಆರ್ ಪಾಸಿಟಿವ್ ಬಂತು ಅಂತ ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡುವುದನ್ನು ನಾನಾದರೆ ಎರಡನೇ ಡಾಕ್ಟರ್ ಹತ್ತಿರ ಕೇಳಿಯೇ ಒಪ್ಪುತ್ತೇನೆ. ತೋಳಿಗೆ ಚುಚ್ಚುವ ಮಾಂಟೂ ಟೆಸ್ಟ್ ಒಂದನ್ನೇ ನೋಡಿ ನಿರ್ಧರಿಸುವುದಂತೂ ಬೇಡ.

ರೋಗ ಖಚಿತವಾದರೆ ಮಾತ್ರ ಅರ್ಧಕ್ಕೆ ಬಿಡಬೇಡಿ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ಸರ್ಕಾರಿ ಟಿಬಿ ಕಾರ್ಯಕ್ರಮದಲ್ಲಿ ಪುಕ್ಕಟೆ ಸಿಗುತ್ತವೆ, ಖಾಸಗಿ ಆಸ್ಪತ್ರೆಯಲ್ಲಿ ಗೊತ್ತಾಗಿದ್ದರೂ ಅಲ್ಲಿಗೆ ತಿಳಿಸಲೇಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ರಿಫಾಂಪಿಸಿನ್ ಬಣ್ಣ, ರಕ್ತ ಅಲ್ಲ. ಅದೇ ರಿಫಾಂಪಿಸಿನ್ ಈಸ್ಟ್ರೋಜನ್ ಮಾತ್ರೆಯ ಬಲವನ್ನೂ ಕುಗ್ಗಿಸುತ್ತದೆ. ಹಾಗಾಗಿ ಐವಿಎಫ್ ಆಮೇಲೆ. ಚಿಕಿತ್ಸೆ ಮುಗಿದ ಮೇಲೆ ಹಿಸ್ಟರೋಸ್ಕೋಪಿ ಮಾಡಿ ಒಳಗೆ ಎಷ್ಟು ಉಳಿದಿದೆ ನೋಡುತ್ತಾರೆ. ಪದರ ಚೆನ್ನಾಗಿದ್ದರೆ ಟ್ಯೂಬ್ ಹೋಗಿದ್ದರೂ ಐವಿಎಫ್‌ನಲ್ಲಿ ಮಗು ಆಗುತ್ತದೆ. ಪದರವೇ ಕಲೆಗಟ್ಟಿದ್ದರೆ ಕಷ್ಟ, ಅದನ್ನು ಮುಚ್ಚಿಡದೆ ಹೇಳುವ ಡಾಕ್ಟರ್ ಬೇಕು.

ಟ್ಯೂಬ್‌ನಲ್ಲಿ ನೀರು ತುಂಬಿದೆ, ತೆಗೆಸಿ ಅನ್ನುತ್ತಾರೆ. ಐವಿಎಫ್‌ಗೆ ಟ್ಯೂಬ್ ಬೇಡವಲ್ಲ, ಇದ್ದರೇನು?

ಇದ್ದರೆ ಆ ನೀರು ಗರ್ಭಕೋಶಕ್ಕೆ ಇಳಿಯುತ್ತದೆ. ಭ್ರೂಣಕ್ಕೂ ಒಳ್ಳೆಯದಲ್ಲ, ಪದರಕ್ಕೂ ಅಲ್ಲ. ಹೈಡ್ರೋಸಾಲ್ಪಿಂಕ್ಸ್, ಅಂದರೆ ಹೀಗೆ ನೀರು ತುಂಬಿದ ಟ್ಯೂಬ್, ಇರುವವರಲ್ಲಿ ಐವಿಎಫ್ ಯಶಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಟ್ಯೂಬ್ ತೆಗೆದರೆ ಅಥವಾ ಬುಡದಲ್ಲಿ ಕ್ಲಿಪ್ ಹಾಕಿದರೆ ಮತ್ತೆ ಏರುತ್ತದೆ. ಮನಸ್ಸಿಗೆ ಕಷ್ಟ, ಆದರೆ ಈ ಪುಟದಲ್ಲಿರುವ ಚಿಕಿತ್ಸೆಗಳಲ್ಲಿ ಅತಿ ಗಟ್ಟಿ ಸಾಕ್ಷಿ ಇರುವವುಗಳಲ್ಲಿ ಇದೂ ಒಂದು. ಪದರದೊಳಗೆ ಚಾಚಿಕೊಂಡ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಪಾಲಿಪ್ ಇದ್ದರೂ ಟ್ರಾನ್ಸ್‌ಫರ್‌ಗೆ ಮುಂಚೆ ತೆಗೆಸುವುದು ರೂಢಿ. ಗರ್ಭಕೋಶದ ಹೊರಮೈಯಲ್ಲಿರುವ ಫೈಬ್ರಾಯ್ಡ್‌ಗೆ ಸಾಮಾನ್ಯವಾಗಿ ಕೈ ಹಚ್ಚುವುದಿಲ್ಲ.

ರಿಪೋರ್ಟಿನಲ್ಲಿ ಕ್ರಾನಿಕ್ ಎಂಡೋಮೆಟ್ರೈಟಿಸ್, ಸಿಡಿ138 ಪಾಸಿಟಿವ್ ಅಂತಿದೆ.

ಪದರದಲ್ಲಿ ಸಣ್ಣಗೆ ಉರಿಯೂತ ಇದೆ ಅಂತ. ಪ್ಲಾಸ್ಮಾ ಕೋಶಗಳು ಕಂಡಿವೆ, ಅವನ್ನು ಹುಡುಕುವ ಬಣ್ಣವೇ ಸಿಡಿ138. ಸಾಮಾನ್ಯವಾಗಿ ಎರಡು ವಾರ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಎಷ್ಟು ಕೋಶ ಕಂಡರೆ ರೋಗ ಅನ್ನಬೇಕು ಎಂಬುದರಲ್ಲಿ ಲ್ಯಾಬ್‌ಗಳಲ್ಲೇ ಒಮ್ಮತವಿಲ್ಲ. ಎಂಡೋಮೆಟ್ರಿಯೋಸಿಸ್ ಬೇರೆ ಕಾಯಿಲೆ, ಗಲಿಬಿಲಿ ಮಾಡಿಕೊಳ್ಳಬೇಡಿ.

ಲೈನಿಂಗ್ ಬೆಳೆಸಲು ಏನೆಲ್ಲ ಕೊಡುತ್ತಾರೆ? ಪಿಆರ್‌ಪಿ ಮಾಡಿಸಬಹುದಾ?

ಮೊದಲ ಮದ್ದು ಕಾಯುವುದು. ಈಸ್ಟ್ರೋಜನ್ ಎರಡು ವಾರದ ಬದಲು ಮೂರು ವಾರ ಕೊಟ್ಟರೂ ಫಲಿತಾಂಶ ಕೆಡುವುದಿಲ್ಲ. ಮಾತ್ರೆ ಕೆಲಸ ಮಾಡದಿದ್ದರೆ ಚರ್ಮಕ್ಕೆ ಹಚ್ಚುವ ಜೆಲ್, ಪ್ಯಾಚ್ ಅಥವಾ ಯೋನಿಯಲ್ಲಿ ಇಡುವ ರೂಪಕ್ಕೆ ಬದಲಾಯಿಸುತ್ತಾರೆ. ಎಚ್‌ಆರ್‌ಟಿಯಲ್ಲಿ ಬೆಳೆಯದ ಪದರ ಕೆಲವರಲ್ಲಿ ನ್ಯಾಚುರಲ್ ಸೈಕಲ್‌ನಲ್ಲಿ ತಾನಾಗಿ ಬೆಳೆದದ್ದೂ ಇದೆ.

ಆಸ್ಪಿರಿನ್, ಸಿಲ್ಡೆನಾಫಿಲ್, ವಿಟಮಿನ್ ಇ ಜೊತೆ ಪೆಂಟಾಕ್ಸಿಫಿಲಿನ್, ಇವನ್ನೆಲ್ಲ ಕೊಡುತ್ತಾರೆ. ದಪ್ಪ ಸ್ವಲ್ಪ ಏರಬಹುದು, ಮಗು ಆಗುವುದು ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಗರ್ಭಕೋಶಕ್ಕೆ ಹಾಕುವುದು. ಇದುವರೆಗಿನ ಅಧ್ಯಯನಗಳು ಚಿಕ್ಕವು. ಬೇರೆ ದಾರಿ ಮುಗಿದವರು, ಸಾಕ್ಷಿ ಕಡಿಮೆ ಅಂತ ತಿಳಿದೇ ಮಾಡಿಸಿದರೆ ತಪ್ಪಿಲ್ಲ. ಮೊದಲ ಸೈಕಲ್‌ನಲ್ಲೇ ಪ್ಯಾಕೇಜ್‌ಗೆ ಸೇರಿಸಿದ್ದರೆ ಯಾಕೆ ಅಂತ ಕೇಳಿ.

ಇಆರ್‌ಎ ಟೆಸ್ಟ್, ಸ್ಕ್ರ್ಯಾಚಿಂಗ್?

ಎರಡಕ್ಕೂ ನನ್ನ ಉತ್ತರ ಒಂದೇ: ಎಲ್ಲರಿಗೂ ಬೇಡ.

ಪದರವನ್ನು ಸಣ್ಣ ಕೊಳವೆಯಿಂದ ಕೆರೆದರೆ ಮುಂದಿನ ತಿಂಗಳು ಭ್ರೂಣ ಚೆನ್ನಾಗಿ ಅಂಟುತ್ತದೆ ಅಂತ ಹಲವು ವರ್ಷ ನಂಬಿದ್ದರು. 2019ರಲ್ಲಿ ಐದು ದೇಶಗಳ 1,364 ಹೆಂಗಸರ ಮೇಲಿನ ಅಧ್ಯಯನ ಬಂತು. ಕೆರೆಸಿಕೊಂಡವರಲ್ಲಿ ಶೇ. 26.1, ಕೆರೆಸಿಕೊಳ್ಳದವರಲ್ಲೂ ಶೇ. 26.1 ಮಂದಿಗೆ ಮಗುವಾಯಿತು. ನೋವು ಮಾತ್ರ ಉಳಿಯಿತು.

ಇಆರ್‌ಎಯಲ್ಲಿ ಪದರದ ಚೂರು ತೆಗೆದು 200ಕ್ಕೂ ಹೆಚ್ಚು ಜೀನ್ ನೋಡಿ, ನಿಮಗೆ ಯಾವ ಗಂಟೆಗೆ ಟ್ರಾನ್ಸ್‌ಫರ್ ಸರಿ ಅಂತ ಹೇಳುತ್ತಾರೆ. ಕೇಳಲು ತುಂಬಾ ಚೆನ್ನಾಗಿದೆ. 2022ರಲ್ಲಿ ಅಮೆರಿಕದಲ್ಲಿ 767 ಮಂದಿಯ ಮೇಲೆ ಪರೀಕ್ಷಿಸಿದಾಗ, ಇಆರ್‌ಎ ಪ್ರಕಾರ ಸಮಯ ಬದಲಿಸಿದ ಗುಂಪಿನಲ್ಲಿ ಶೇ. 58.5, ಮಾಮೂಲಿ ಸಮಯದ ಗುಂಪಿನಲ್ಲಿ ಶೇ. 61.9 ಮಂದಿಗೆ ಮಗುವಾಯಿತು. ಈ ಟೆಸ್ಟ್‌ಗೆ ಒಂದು ತಿಂಗಳೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಆ ದುಡ್ಡಿನಲ್ಲಿ ಹಿಸ್ಟರೋಸ್ಕೋಪಿ ಮಾಡಿಸಿ ಕಣ್ಣಾರೆ ಒಳಗೆ ನೋಡುವುದು ಮೇಲು ಅನ್ನಿಸುತ್ತದೆ ನನಗೆ.

ದಾಳಿಂಬೆ, ಬೀಟ್‌ರೂಟ್ ತಿಂದರೆ ಲೈನಿಂಗ್ ಬರುತ್ತದಾ? ಟ್ರಾನ್ಸ್‌ಫರ್ ಆದ ಮೇಲೆ ಮಲಗೇ ಇರಬೇಕಾ?

ದಾಳಿಂಬೆ ತಿನ್ನಿ, ಒಳ್ಳೆಯ ಹಣ್ಣು. ಲೈನಿಂಗ್‌ಗೆ ಅಂತ ದಿನಾ ನಾಲ್ಕು ಲೋಟ ಬೀಟ್‌ರೂಟ್ ರಸ ಕುಡಿಸಿ ಹೊಟ್ಟೆ ಕೆಡಿಸಬೇಡಿ. ಸಿಗರೇಟ್, ಗುಟ್ಕಾ ಬಿಡುವುದು ಇವೆಲ್ಲಕ್ಕಿಂತ ಉಪಯೋಗ. ಇಬ್ಬರಿಗೂ ಹೇಳುತ್ತಿದ್ದೇನೆ.

ಮಲಗಿರುವುದರಿಂದ ಲಾಭವಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ಎದ್ದು ಓಡಾಡಿದರೆ ಭ್ರೂಣ ಜಾರಿ ಬೀಳುವುದಿಲ್ಲ, ಪದರದ ಎರಡು ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಅಡುಗೆ ಮಾಡಿ, ಆಫೀಸಿಗೆ ಹೋಗಿ. ಕೆಲಸದಿಂದ ತಪ್ಪಿಸಿಕೊಳ್ಳಲು "ಡಾಕ್ಟರ್ ರೆಸ್ಟ್ ಹೇಳಿದ್ದಾರೆ" ಅನ್ನಬೇಕಿದ್ದರೆ ಅದು ಬೇರೆ ವಿಷಯ, ಧಾರಾಳವಾಗಿ ಅನ್ನಿ.

ಏನು ಮಾಡಿದರೂ ಪದರ ಬೆಳೆಯುತ್ತಿಲ್ಲ. ಬಾಡಿಗೆ ತಾಯಿಯೇ ದಾರಿನಾ?

ಕೆಲವರಿಗೆ ಹೌದು. 2021ರ ಕಾನೂನಿನ ಪ್ರಕಾರ ದುಡ್ಡು ಕೊಟ್ಟು ಮಾಡಿಸುವ ಹಾಗಿಲ್ಲ. ಆಸ್ಪತ್ರೆ ಖರ್ಚು, ವಿಮೆ ಮಾತ್ರ ಭರಿಸಬಹುದು. ಮಗುವನ್ನು ಹೊರುವವರು 25ರಿಂದ 35 ವಯಸ್ಸಿನೊಳಗಿನ, ಮದುವೆಯಾಗಿ ಸ್ವಂತ ಮಗು ಇರುವ ಹೆಂಗಸಾಗಿರಬೇಕು. ದಂಪತಿಯಲ್ಲಿ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55. ಗರ್ಭಕೋಶ ಇಲ್ಲದಿರುವುದು, ಸರಿ ಇಲ್ಲದಿರುವುದು, ಐವಿಎಫ್ ಮತ್ತೆ ಮತ್ತೆ ಸೋತಿರುವುದು ಒಪ್ಪುವ ಕಾರಣಗಳು. ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕು. ಓಡಾಟ ಇದೆ, ವಕೀಲರ ಸಹಾಯ ತೆಗೆದುಕೊಳ್ಳಿ.

ಪುಣೆಯಲ್ಲಿ 2017ರಲ್ಲಿ ಆಶರ್ಮನ್ ಇದ್ದ ಹೆಂಗಸೊಬ್ಬರಿಗೆ ತಾಯಿಯ ಗರ್ಭಕೋಶವನ್ನೇ ಕಸಿ ಮಾಡಿ, ಮರುವರ್ಷ ಮಗು ಹುಟ್ಟಿತು. ದೊಡ್ಡ ಸಾಧನೆ. ಆದರೆ ಸದ್ಯಕ್ಕೆ ಎಲ್ಲರಿಗೂ ಸಿಗುವ ಚಿಕಿತ್ಸೆಯಲ್ಲ.

ಟ್ರಾನ್ಸ್‌ಫರ್ ಆಗಿ ಒಂದು ವಾರ ಆಯಿತು. ಸ್ವಲ್ಪ ರಕ್ತ ಕಾಣಿಸಿದೆ. ಎಲ್ಲ ಮುಗಿಯಿತಾ?

ಇಲ್ಲ. ಭ್ರೂಣ ಅಂಟುವಾಗಲೂ ಕಲೆ ಕಾಣಬಹುದು, ಪ್ರೊಜೆಸ್ಟರಾನ್ ಬಿಲ್ಲೆ ಇಡುವಾಗ ಗರ್ಭಕಂಠಕ್ಕೆ ತಾಗಿಯೂ ಬರಬಹುದು. ಮಾತ್ರೆ, ಇಂಜೆಕ್ಷನ್ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಎಚ್‌ಆರ್‌ಟಿ ಸೈಕಲ್‌ನಲ್ಲಿ ಪದರವನ್ನು ಹಿಡಿದಿಟ್ಟಿರುವುದೇ ಆ ಔಷಧಿ. ನಿಲ್ಲಿಸಿದರೆ ನಿಂತ ಗರ್ಭವೂ ಹೋಗುತ್ತದೆ. ಫೋನ್ ಮಾಡಿ ತಿಳಿಸಿ, ಗರ್ಭ ನಿಂತಿದೆಯಾ ಅಂತ ತಿಳಿಸುವ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆಗೆ ಹೇಳಿದ ದಿನ ಹೋಗಿ. ಪ್ಯಾಡ್ ನೆನೆಯುವಷ್ಟು ಹೋಗುತ್ತಿದ್ದರೆ, ಒಂದು ಪಕ್ಕಕ್ಕೆ ಜೋರು ಹೊಟ್ಟೆನೋವಿದ್ದರೆ, ತಲೆಸುತ್ತು ಬಂದರೆ ಆ ದಿನದವರೆಗೂ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.